ಖಾಲಿ ಹೊತ್ತಿನ ದನಿ

ನಮ್ಮೂರಿನಲ್ಲಿ ಕೊಲೆಯಾದವರು ಒಂದು ಸಲ ರೇಡಿಯೋದಲ್ಲಿ ಮಾತಾಡುತ್ತಾರೆ. ಹಾಗಾಗಿ ಬಾನುಲಿ ಕೇಂದ್ರದವರು ದಿನಾ ಸಂಜೆ ಪೇಟೆ ಧಾರಣೆ ಓದಿ ಮುಗಿಸಿದ ಮೇಲೆ ಮೈಕು ಆರಿಸಿ ಒಂದಿಷ್ಟು ಹೊತ್ತು ಸುಮ್ಮನಿರುತ್ತಾರೆ. ಅದಕ್ಕೆ ಖಾಲಿ ಹೊತ್ತು ಎಂದು ಹೆಸರು. ಆಗ ಹೆಂಗಸರು ಒಗ್ಗರಣೆ ಹಾಕುವುದಿಲ್ಲ, ಹೋಟೆಲಿನವರು ಲೋಟ ತೊಳೆಯುವುದಿಲ್ಲ, ಜಗಳವಾಡುತ್ತಿದ್ದವರು ಉಳಿದ ಜಗಳವನ್ನು ಆಮೇಲಕ್ಕೆ ಇಟ್ಟುಕೊಳ್ಳುತ್ತಾರೆ. ಟ್ರಾನ್ಸಿಸ್ಟರ್ ಬಂದ ಮೇಲೂ ನಮ್ಮವರು ಮರದ ಪೆಟ್ಟಿಗೆಯ ಹಳೇ ವಾಲ್ವ್ ರೇಡಿಯೋಗಳನ್ನು ಬಿಟ್ಟಿಲ್ಲ; ಸತ್ತವರು ಟ್ರಾನ್ಸಿಸ್ಟರಿನಲ್ಲಿ ಬರುವುದಿಲ್ಲ. ಹೆಚ್ಚಿನ ದಿನ ಬರೀ ಗೊರಗೊರ ಸದ್ದು. ವರ್ಷಕ್ಕೋ ಎರಡು ವರ್ಷಕ್ಕೋ ಯಾರಾದರೂ ಬಂದು ತಮ್ಮದಿಷ್ಟು ಹೇಳಿ ಹೋಗುತ್ತಾರೆ. ಆ ದನಿಯನ್ನು ಬಲ್ಲ ಇಬ್ಬರು ಠಾಣೆಗೆ ಹೋಗಿ ಇದು ಇಂಥವರದೇ ಎಂದು ಹೇಳಬೇಕು. ಹೇಳಿದರೆ ಮುಂದಿನದನ್ನು ಕೋರ್ಟು ನೋಡಿಕೊಳ್ಳುತ್ತದೆ. ಹೇಳುವವರಿಲ್ಲದಿದ್ದರೆ ದನಿ ಬಂದ ಹಾಗೆಯೇ ಹೋಗುತ್ತದೆ.

ನನ್ನ ದೊಡ್ಡಮ್ಮ ಅಂಬುಜಮ್ಮನಿಗೆ ಮುಂದಿನ ಹಲ್ಲು ಉಬ್ಬಾಗಿದ್ದವು. ನಾಟಕ ಕಂಪನಿಯಲ್ಲಿದ್ದಾಗ ಅವಳನ್ನು ರಂಗದ ಮೇಲೆ ನಿಲ್ಲಿಸಿದ್ದು ಕಡಿಮೆ. ಪರದೆಯ ಹಿಂದೆ ನಿಂತು ಮಾತು ನೆನಪಿಸುವುದು, ಹಿಮ್ಮೇಳಕ್ಕೆ ಹಾಡುವುದು ಅವಳ ಕೆಲಸ. ಆದರೆ ಅವಳ ದನಿ ಕೇಳಿದವರು ತಲೆಯೆತ್ತಿ ನೋಡುತ್ತಿದ್ದರು. ಊರಾಚೆಯ ಹುಣಸೆತೋಪಿನಲ್ಲಿ ಫಿಲಂ ಸ್ಟುಡಿಯೋ ಕಟ್ಟಿದ ನೀಲಕಂಠಪ್ಪನವರು ಒಂದು ದಿನ ನಾಟಕ ನೋಡಲು ಬಂದು, ಪರದೆಯ ಹಿಂದಿನಿಂದ ಬರುತ್ತಿದ್ದ ಆ ದನಿಯನ್ನು ಕೇಳಿ, ಅವಳನ್ನು ಕರೆಸಿಕೊಂಡರು. ಅವರ ಹತ್ತಿರ ಆಗ ಒಂದು ಮುಖವಿತ್ತು, ದನಿ ಇರಲಿಲ್ಲ.

ಆ ಮುಖ ದುರುಗಿಯದು. ರಸ್ತೆಗೆ ಜಲ್ಲಿ ಹಾಕುವ ಕಡೆ ಕಲ್ಲು ಒಡೆಯುತ್ತಿದ್ದ ಹುಡುಗಿ. ಕಾರು ನಿಲ್ಲಿಸಿ ದಾರಿ ಕೇಳಿದಾಗ ತಲೆಯ ಮೇಲಿನ ಬಟ್ಟೆ ಸರಿಸಿ ನೋಡಿದಳಂತೆ. ಅಷ್ಟಕ್ಕೇ ನೀಲಕಂಠಪ್ಪನವರು ಅವಳ ತಾಯಿಯನ್ನು ಒಪ್ಪಿಸಿ ಅದೇ ಕಾರಿನಲ್ಲಿ ಕರೆತಂದರು. ಮಂದಾರಮಾಲಾ ಎಂದು ಹೆಸರಿಟ್ಟರು. ತಮ್ಮನ್ನು ಅಪ್ಪಾಜಿ ಎಂದು ಕರೆಯಲು ಕಲಿಸಿದರು. ನಡಿಗೆ, ನೋಟ, ನಾಚಿಕೆ ಎಲ್ಲವನ್ನೂ ಅವಳು ಬೇಗ ಕಲಿತಳು. ದನಿ ಮಾತ್ರ ಬಗ್ಗಲಿಲ್ಲ. ಕಲ್ಲಿನ ಧೂಳು ಕುಡಿದು ಬೆಳೆದ ಗಂಟಲು; ಮಾತಾಡಿದರೆ ಜಲ್ಲಿಯ ಮೇಲೆ ಚಕ್ಕಡಿ ಹೋದ ಹಾಗೆ ಕೇಳುತ್ತಿತ್ತು.

ಹೀಗೆ ದುರುಗಿಯ ಬಾಯಿ, ದೊಡ್ಡಮ್ಮನ ದನಿ ಸೇರಿ ಮಂದಾರಮಾಲಾ ಆದಳು. ಈ ಗುಟ್ಟನ್ನು ಯಾರಿಗೂ ಬಿಡುವುದಿಲ್ಲವೆಂದು ದೊಡ್ಡಮ್ಮನಿಂದ ದೀಪ ಮುಟ್ಟಿಸಿ ಮಾತು ತೆಗೆದುಕೊಂಡಿದ್ದರು. ಊರಿನವರು ಅವಳು ಸ್ಟುಡಿಯೋದಲ್ಲಿ ಸೀರೆ ಒಡವೆ ನೋಡಿಕೊಳ್ಳುವವಳು ಎಂದುಕೊಂಡಿದ್ದರು. ದೊಡ್ಡಮ್ಮನೂ ಪೇಟೆಯಲ್ಲಿ ಬೇಕೆಂದೇ ಮೂಗಿನಲ್ಲಿ ಮಾತಾಡುತ್ತಿದ್ದಳು. ಚಿತ್ರೀಕರಣದಲ್ಲಿ ಬರೀ ತುಟಿಯಾಡಿಸುತ್ತಿದ್ದ ಮಂದಾರಮಾಲಾ ಸಭೆ ಸಮಾರಂಭಗಳಲ್ಲಿ ಕೈಮುಗಿದು ನಕ್ಕು ಕೂತುಬಿಡುತ್ತಿದ್ದಳು. ಪತ್ರಿಕೆಯವರು ಮಿತಭಾಷಿ ಎಂದು ಬರೆಯುತ್ತಿದ್ದರು. ನಮ್ಮೂರಿನಲ್ಲಿ ಅವಳ ನಿಜವಾದ ದನಿ ಕೇಳಿದ್ದವರು ನಾಲ್ಕೇ ಜನ: ನೀಲಕಂಠಪ್ಪನವರು, ಧ್ವನಿಮುದ್ರಣದವನು, ಅವಳನ್ನು ಕರೆದುಕೊಂಡು ಬಂದು ಬಿಡುತ್ತಿದ್ದ ಕಾರಿನ ಡ್ರೈವರ್ ಬೋರಣ್ಣ, ನನ್ನ ದೊಡ್ಡಮ್ಮ.

ಇಬ್ಬರೂ ಒಬ್ಬರನ್ನೊಬ್ಬರು ಹಚ್ಚಿಕೊಂಡಿದ್ದರು. ದೊಡ್ಡಮ್ಮ ಧ್ವನಿ ಕೊಡುವಾಗ ದುರುಗಿ ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆಯನ್ನೂ ದೊಡ್ಡಮ್ಮನ ಬಾಯಿಯನ್ನೂ ಸರದಿಯಲ್ಲಿ ನೋಡುತ್ತಿದ್ದಳಂತೆ. ಐದಾರು ಚಿತ್ರಗಳಾದ ಮೇಲೆ ಒಂದು ದಿನ ಕೇಳಿದಳು, "ಯಕ್ಕಾ, ನನ್ ದನೀಲೇ ನಾನು ಮಾತಾಡಿದ್ರೆ ಜನ ಕೇಳ್ತಾರಾ?"

ದೊಡ್ಡಮ್ಮ ಆಗ ಬಿಸಿನೀರಿಗೆ ಉಪ್ಪು ಹಾಕಿಕೊಂಡು ಗಂಟಲು ಮುಕ್ಕಳಿಸುತ್ತಿದ್ದಳು. "ನಗ್ತಾರೆ ಕಣೇ," ಎಂದಳು.

ದುರುಗಿ ಮತ್ತೆ ಅವಳ ಹತ್ತಿರ ಆ ಮಾತೆತ್ತಲಿಲ್ಲ. ನಗುತ್ತಾರೆಂದು ತನಗೆ ನಿಜವಾಗಿ ಅನ್ನಿಸಿತ್ತೋ, ತನ್ನ ಜಾಗ ಹೋಗುತ್ತದೆಂಬ ಭಯಕ್ಕೆ ಹಾಗಂದೆನೋ ಎಂದು ದೊಡ್ಡಮ್ಮ ಕೊನೆಗಾಲದವರೆಗೂ ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದಳು.

ಜಾತ್ರೆ ಮುಗಿದ ಮೈದಾನದ ಹಾಗೆ ಸ್ಟುಡಿಯೋ ಬಿಕೋ ಎನ್ನುತ್ತಿದ್ದ ಒಂದು ರಜೆಯ ದಿನ, ಹಾಡಿನ ದೃಶ್ಯಕ್ಕೆಂದು ಕಟ್ಟಿದ್ದ ತಾವರೆಕೊಳದಲ್ಲಿ ಮಂದಾರಮಾಲಾಳ ಹೆಣ ತೇಲಿತು. ಕಾಲು ಜಾರಿ ಬಿದ್ದಳು ಎಂದು ಮೊದಲು ಹೇಳಿದರು. ಡಾಕ್ಟರು ಕುತ್ತಿಗೆಯ ಮೇಲೆ ಹೆಬ್ಬೆರಳಿನ ಗುರುತು ನೋಡಿ ಹಾಗಲ್ಲವೆಂದರು. ಅವಳನ್ನು ಬೆಳಿಗ್ಗೆ ಸ್ಟುಡಿಯೋಗೆ ತಂದು ಬಿಟ್ಟವನು ತಾನೇ ಎಂದು ಒಪ್ಪಿಕೊಂಡ ಬೋರಣ್ಣನನ್ನು ಪೊಲೀಸರು ಹಿಡಿದುಕೊಂಡು ಹೋದರು. ಊರಿಗೆ ಊರೇ ಸಂಜೆಗಾಗಿ ಕಾಯತೊಡಗಿತು. ರೇಡಿಯೋ ಇಲ್ಲದವರು ಇದ್ದವರ ಜಗುಲಿಗೆ ಬಂದರು. ಅಷ್ಟು ಸಿನಿಮಾಗಳಲ್ಲಿ ಕೇಳಿದ ದನಿ; ಗುರುತು ಹೇಳಲು ಇಬ್ಬರೇಕೆ, ಇಡೀ ಊರೇ ಠಾಣೆಗೆ ಹೋಗಲು ಸಿದ್ಧವಿತ್ತು.

ದೊಡ್ಡಮ್ಮನ ನಡುಮನೆಯಲ್ಲೂ ಅಕ್ಕಪಕ್ಕದವರು ತುಂಬಿದ್ದರು. ಒಂದು ಸಂಜೆ ಧಾರಣೆ ಮುಗಿದು, ಗೊರಗೊರ ಸದ್ದಿನ ನಡುವೆ ರೇಡಿಯೋದ ಹಸಿರು ದೀಪ ಕಿರಿದಾಯಿತು. ಯಾರೋ ಉಸಿರೆಳೆದುಕೊಂಡ ಸದ್ದು. ಆಮೇಲೆ ಒಡಕು ದನಿ: "ನಾನು ದುರುಗಿ. ಅಪ್ಪಾಜಿ ನನ್ ಗಂಟ್ಲು ಹಿಡುದ್ರು. ನನ್ ಮಾತು ನಾನೇ ಆಡ್ತೀನಿ ಅಂದಿದ್ದೆ, ಬ್ಯಾರೆ ಏನೂ ಅಂದಿರ್ಲಿಲ್ಲ."

ಅಷ್ಟೇ. ಮತ್ತೆ ಗೊರಗೊರ. ಪಕ್ಕದ ಮನೆಯ ಪುಟ್ಟಲಕ್ಷಮ್ಮ, ಯಾವುದೋ ಪಾಪದ್ದು, ಅಪ್ಪ ತೋರಿಸಿದ ಗಂಡನ್ನು ಒಪ್ಪದೆ ಎದುರು ಮಾತಾಡಿದ್ದಳೇನೋ ಎಂದು ಲೊಚಗುಟ್ಟಿದಳು. ಇವತ್ತೂ ಮಂದಾರಮಾಲಾ ಬರಲಿಲ್ಲ ಎಂದುಕೊಂಡು ಎಲ್ಲರೂ ಎದ್ದು ಹೋದರು. ಪೊಲೀಸರು ದುರುಗಿ ಎಂಬ ಮಗಳಿದ್ದ ಅಪ್ಪಂದಿರನ್ನು ಕೇರಿ ಕೇರಿಯಲ್ಲಿ ವಿಚಾರಿಸಿ, ಆ ಹೆಸರಿನ ಹುಡುಗಿಯರೆಲ್ಲ ಬದುಕಿರುವುದನ್ನು ಕಂಡು ಕೈಬಿಟ್ಟರು.

ದೊಡ್ಡಮ್ಮ ಕೂತಲ್ಲೇ ಕೂತಿದ್ದಳು. ರೇಡಿಯೋದ ಪೆಟ್ಟಿಗೆ ಬಿಸಿಯಾಗಿ ವಾಸನೆ ಬರುವವರೆಗೂ ಆರಿಸಲಿಲ್ಲ.

ಮರುದಿನ ಬೆಳಿಗ್ಗೆ ನೀಲಕಂಠಪ್ಪನವರು ಮನೆಗೇ ಬಂದರು. ಅಷ್ಟು ವರ್ಷಗಳಲ್ಲಿ ಅವರು ಆ ಹೊಸಿಲು ದಾಟಿದ್ದು ಅದೇ ಮೊದಲು. ಕಣ್ಣು ಬಾತಿದ್ದವು; ಅತ್ತಿದ್ದರೆಂದೇ ದೊಡ್ಡಮ್ಮ ಹೇಳುತ್ತಿದ್ದಳು. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಕೇಳಿದರು, "ಅಂಬುಜಮ್ಮ, ನಿನ್ನೆ ರೇಡಿಯೋ ಹಾಕಿದ್ರಾ?"

"ಹಾಕಿದ್ದೆ."

"ಏನಾದ್ರೂ ಕೇಳಿಸ್ತಾ?"

ದೊಡ್ಡಮ್ಮ ತಲೆ ತಗ್ಗಿಸಿ, "ಜನ ಜಾಸ್ತಿ ಇದ್ರು. ಸರಿಯಾಗಿ ಕೇಳಿಸ್ಲಿಲ್ಲ," ಎಂದಳು.

ಅವರು, ಚಿತ್ರ ಅರ್ಧಕ್ಕೆ ನಿಂತಿದೆ, ಧ್ವನಿಯ ಕೆಲಸ ಬಾಕಿ ಇದೆ, ನಾಳೆಯಿಂದ ಬನ್ನಿ ಎಂದು ಹೇಳಿ ಹೊರಟರು.

ದೊಡ್ಡಮ್ಮ ಹೋದಳು. ಭಯದಿಂದ ಹೋದೆ ಎನ್ನುತ್ತಿದ್ದಳು, ದೀಪ ಮುಟ್ಟಿ ಕೊಟ್ಟ ಮಾತು ಎನ್ನುತ್ತಿದ್ದಳು, ಸ್ಟುಡಿಯೋ ಬಿಟ್ಟರೆ ಮೂಗಿನ ದನಿಯ ಹೆಂಗಸಾಗಿ ಉಳಿಯಬೇಕಿತ್ತು ಎನ್ನುತ್ತಿದ್ದಳು. ಕೇಳಿದಾಗೆಲ್ಲ ಬೇರೆ ಬೇರೆ ಕಾರಣ. ಬಾಕಿ ಉಳಿದಿದ್ದ ದೃಶ್ಯದಲ್ಲಿ ನಾಯಕಿ ಉಯ್ಯಾಲೆಯ ಮೇಲೆ ಕೂತು ನಗಬೇಕು. ಪರದೆಯ ಮೇಲೆ ದುರುಗಿ ತಲೆ ಹಿಂದಕ್ಕೆ ಹಾಕಿ ಬಾಯಿ ತುಂಬ ನಗುತ್ತಿದ್ದಳು. ಅದನ್ನು ತೆಗೆದ ದಿನ ದೊಡ್ಡಮ್ಮ ಅಲ್ಲೇ ಇದ್ದಳು. ಹಗ್ಗ ಕಿರುಗುಟ್ಟಿತೆಂದು ಹುಡುಗಿ ನಿಜವಾಗಿಯೇ ಗಹಗಹಿಸಿ, ಲೈಟಿನವರೆಲ್ಲ ಜೊತೆಗೆ ನಕ್ಕಿದ್ದರು. ಈಗ ಕತ್ತಲ ಕೋಣೆಯಲ್ಲಿ ಆ ಬಾಯಿಗೆ ಸರಿಯಾಗಿ ದೊಡ್ಡಮ್ಮ ತನ್ನ ಗೆಜ್ಜೆಯ ನಗುವನ್ನು ನಕ್ಕಳು. ಒಂದೇ ಸಲಕ್ಕೆ ಸರಿಯಾಯಿತು ಎಂದರು.

ಇತ್ತ ಮಂದಾರಮಾಲಾ ರೇಡಿಯೋದಲ್ಲಿ ಬರದೇ ಇದ್ದದ್ದಕ್ಕೆ ಊರು ತನ್ನದೇ ಅರ್ಥ ಹಚ್ಚಿತು. ಕೊಂದವರನ್ನು ಕ್ಷಮಿಸಿದವರು ಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಹಿಂದಿನಿಂದಲೂ ಇದೆ. ಹಾಗಾದರೆ ಕೊಂದವನು ಬೇಕಾದವನೇ ಇರಬೇಕು, ದಿನಾ ಕಾರಿನಲ್ಲಿ ಜೊತೆಗೆ ಓಡಾಡುತ್ತಿದ್ದವನು ಯಾರು ಎಂದರು. ಅವಳ ಮೌನವೇ ಬೋರಣ್ಣನಿಗೆ ಉರುಳಾಯಿತು.

ಅವನ ಹೆಂಡತಿ ತಾಯಮ್ಮ ಒಂದು ಮಧ್ಯಾಹ್ನ ದೊಡ್ಡಮ್ಮನನ್ನು ಹುಡುಕಿಕೊಂಡು ಬಂದಳು. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ನಿಂತು ಹೇಳಿದಳು: "ಅವರಿಗೆ ಜೈಲಲ್ಲಿ ರೇಡಿಯೋ ಕೇಳಿಸಲ್ವಂತೆ. ಆ ಅಮ್ಮ ಬಂದೇ ಇರ್ತಾರೆ, ಯಾರೂ ಗುರುತು ಹಿಡಿದಿರಲ್ಲ, ಅಂಬುಜಕ್ಕನ್ನ ಕೇಳು ಅಂದ್ರು. ಬಂದಿದ್ರಾ ಅಕ್ಕ?"

ದೊಡ್ಡಮ್ಮ ಇಲ್ಲವೆಂದಳು.

ತಾಯಮ್ಮ ವಾದಿಸಲಿಲ್ಲ. "ನೀವು ಸುಳ್ಳು ಹೇಳೋರಲ್ಲ ಬಿಡಿ," ಎಂದು ಹೊರಟುಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ದೊಡ್ಡಮ್ಮ ಅನ್ನುತ್ತಿದ್ದಳು. ಆದರೂ ಆ ವಾರವೂ ಅವಳು ಸುಮ್ಮನೇ ಇದ್ದಳು. ಬೋರಣ್ಣನನ್ನು ಕೋರ್ಟಿಗೆ ಕರೆದೊಯ್ಯುವುದನ್ನು ಪೇಟೆಯಲ್ಲಿ ಕಣ್ಣಾರೆ ಕಂಡ ಮೇಲೆ, ಅವನ ಬಲಗೈ ಬಟ್ಟೆ ಸುತ್ತಿಕೊಂಡು ಎದೆಗೆ ಆತುಕೊಂಡಿದ್ದನ್ನು ನೋಡಿದ ಮೇಲೆ, ಕೊಂಡ ತರಕಾರಿಯನ್ನು ಅಂಗಡಿಯಲ್ಲೇ ಬಿಟ್ಟು ನೇರವಾಗಿ ಠಾಣೆಗೆ ನಡೆದಳು.

ಇನ್ಸ್‌ಪೆಕ್ಟರ್ ಅಯ್ಯಣ್ಣ ಕೆಟ್ಟವನಲ್ಲ. ಎಲ್ಲವನ್ನೂ ಕೇಳಿಸಿಕೊಂಡ. ಒಡಕು ದನಿಯ ದುರುಗಿಯೇ ಮಂದಾರಮಾಲಾ ಎಂದಾಗ ಮರುಕದಿಂದ ನಕ್ಕ. ಆ ತಾಯಿಯ ದನಿ ನಮ್ಮ ಮನೆಯ ಕೂಸಿಗೂ ಗೊತ್ತಮ್ಮ ಎಂದ. ಆಗ ದೊಡ್ಡಮ್ಮ ಮೂಗಿನ ಮಾತು ಬಿಟ್ಟು ಒಂದು ಚಿತ್ರದ ಮಾತನ್ನು ಆಡಿ ತೋರಿಸಿದಳು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಟೋಪಿ ತೆಗೆದು ಕೈಮುಗಿದ. ಅಯ್ಯಣ್ಣ ಅವಳಿಗೆ ಕುರ್ಚಿ ಎಳೆದು ಕೊಟ್ಟ. ಆಮೇಲೆ, ನಾನು ನಂಬುತ್ತೇನೆ, ಆದರೆ ಕೋರ್ಟಿಗೆ ಇನ್ನೊಬ್ಬರು ಬೇಕು, ಆರೋಪಿಯ ಮಾತು ನಡೆಯುವುದಿಲ್ಲ ಎಂದ. ಇನ್ನೊಬ್ಬರೆಂದರೆ ಧ್ವನಿಮುದ್ರಣದವನು. ದೊಡ್ಡಮ್ಮ ಅವನ ಮನೆಗೆ ಹೋದಳು. ನನಗೂ ಹೆಂಡತಿ ಮಕ್ಕಳಿದ್ದಾರೆ ಎಂದು ಅವನು ಒಳಗಿನಿಂದಲೇ ಹೇಳಿ ಕಳಿಸಿದ.

ಇನ್ನು ಉಳಿದಿದ್ದು ಒಂದೇ ದಾರಿ. ಬಾನುಲಿ ಕೇಂದ್ರದಲ್ಲಿ ಧಾರಣೆ ಓದುತ್ತಿದ್ದ ವಾಸುದೇವಮೂರ್ತಿಗಳು ಮೊದಲು ನಾಟಕ ಕಂಪನಿಯಲ್ಲಿ ಸಾರಥಿ, ದೂತ ಮುಂತಾದ ಪಾತ್ರ ಮಾಡುತ್ತಿದ್ದವರು. ದೊಡ್ಡಮ್ಮನನ್ನು ತಂಗಿಯೆಂದೇ ತಿಳಿದಿದ್ದರು. ಖಾಲಿ ಹೊತ್ತಿನಲ್ಲಿ ತನ್ನನ್ನು ಮೈಕಿನ ಮುಂದೆ ಕೂರಿಸಬೇಕೆಂದು ಅವಳು ಅವರನ್ನು ಕೇಳಿದಳು.

"ಸತ್ತವರ ಹೊತ್ತು ಅದು, ಅಂಬುಜಾ. ಬದುಕಿರೋರು ಅದರೊಳಗೆ ಕಾಲಿಟ್ಟರೆ ನಾಳೆಯಿಂದ ಯಾರನ್ನ ನಂಬೋದು?"

"ಸತ್ತವಳು ಬಂದು ಹೇಳಿದ್ಲಲ್ಲ ಅಣ್ಣ," ಎಂದಳು ದೊಡ್ಡಮ್ಮ. "ಯಾರು ನಂಬಿದ್ರು?"

ಆ ಸಂಜೆ ಅವರು ಧಾರಣೆ ಓದಿ ಮುಗಿಸಿ, ಮೈಕು ಆರಿಸದೆ ಕುರ್ಚಿಯಿಂದೆದ್ದು ಗೋಡೆಯ ಕಡೆ ತಿರುಗಿ ನಿಂತರು. ದೊಡ್ಡಮ್ಮ ಬಂದು ಕೂತಳು. "ನಾನು ಮಂದಾರಮಾಲಾ," ಎಂದಳು, ಊರು ಮೆಚ್ಚಿದ್ದ ಆ ಶುದ್ಧ ಕನ್ನಡದಲ್ಲಿ. "ನನ್ನ ಕೊರಳನ್ನು ಹಿಸುಕಿದವರು ನೀಲಕಂಠಪ್ಪನವರು. ಬೋರಣ್ಣ ನಿರಪರಾಧಿ. ಅವನನ್ನು ಬಿಟ್ಟುಬಿಡಿ."

ಆ ಸಂಜೆ ನಮ್ಮೂರಿನಲ್ಲಿ ಒಲೆ ಹೊತ್ತಲಿಲ್ಲ ಎಂದು ಹಿರಿಯರು ಈಗಲೂ ಹೇಳುತ್ತಾರೆ. ಠಾಣೆಯ ಮುಂದೆ ಗುರುತು ಹೇಳಲು ಬಂದವರ ಸಾಲು ಹೂವಿನ ಮಾರುಕಟ್ಟೆಯವರೆಗೆ ಬೆಳೆಯಿತು. ದನಿ ಯಾರದೆಂದು ಗೊತ್ತಿದ್ದೂ ಅಯ್ಯಣ್ಣ ಅವರ ಹೇಳಿಕೆ ಬರೆದುಕೊಂಡ. ನೀಲಕಂಠಪ್ಪನವರು ಸ್ಟುಡಿಯೋದ ತಮ್ಮ ಕೋಣೆಯಲ್ಲಿ ರೇಡಿಯೋ ಮುಂದೆ ಕೂತಿದ್ದರು. ಮಾತಾಡಿದ್ದು ಅಂಬುಜಮ್ಮ ಎಂದು ಅವರಿಗೆ ಮೊದಲ ಮಾತಿಗೇ ಗೊತ್ತಾಗಿರಬೇಕು. ಆದರೆ ಹಾಗೆಂದು ಹೇಳಬೇಕಾದರೆ ಮಂದಾರಮಾಲಾಳ ದನಿ ಯಾರದೆಂದು ಹೇಳಬೇಕು. ಅದನ್ನು ಹೇಳಿದರೆ ಮೊದಲು ಬಂದ ಒಡಕು ದನಿ ಯಾರದೆಂಬ ಪ್ರಶ್ನೆ ಏಳುತ್ತದೆ, ಅಪ್ಪಾಜಿ ಯಾರೆಂಬುದೂ. ಅಯ್ಯಣ್ಣ ಹೋದಾಗ ಅವರು ಬಾಗಿಲು ತೆರೆದಿಟ್ಟುಕೊಂಡೇ ಇದ್ದರಂತೆ. ಚಿತ್ರವೊಂದರ ಬೆಳ್ಳಿಹಬ್ಬದ ಸಭೆಯಲ್ಲಿ ಮೈಕಿನ ಮುಂದೆ ನಿಂತು ತನ್ನ ದನಿಯಲ್ಲೇ ಮಾತಾಡುತ್ತೇನೆಂದು ಹುಡುಗಿ ಹಟ ಹಿಡಿದಿದ್ದಳು. ಕೊಲ್ಲಬೇಕೆಂದಿರಲಿಲ್ಲ, ಸುಮ್ಮನಿರಿಸಬೇಕೆಂದಿದ್ದೆ ಎಂದು ಕೋರ್ಟಿನಲ್ಲಿ ಹೇಳಿದರು. ದೊಡ್ಡಮ್ಮನ ಹೆಸರನ್ನು ಮಾತ್ರ ಕೊನೆಯವರೆಗೂ ಎತ್ತಲಿಲ್ಲ. ಉಪಕಾರವೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ.

ಬೋರಣ್ಣ ಬಿಡುಗಡೆಯಾಗಿ ಬಂದ. ಪೊಲೀಸರ ಪೆಟ್ಟು ತಿಂದ ಬಲಗೈಯ ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ. ಕಾರು ಓಡಿಸುವ ಕೆಲಸ ಹೋಗಿ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ಕೆಲಸಕ್ಕೆ ನಿಂತ. ವಾಸುದೇವಮೂರ್ತಿಗಳು ಬಾನುಲಿ ಕೇಂದ್ರ ಬಿಟ್ಟರು. ಸ್ಟುಡಿಯೋ ಮುಚ್ಚಿತು. ದೊಡ್ಡಮ್ಮ ತನ್ನ ದನಿಯನ್ನು ಆ ಸಂಜೆಯೇ ಕಳೆದುಕೊಂಡ ಹಾಗಾಯಿತು. ಸತ್ತು ಹೋದವಳೆಂದು ಊರೇ ಗುರುತು ಹೇಳಿದ ದನಿಯಲ್ಲಿ ಬೀದಿಯಲ್ಲಿ ನಿಂತು ಸೊಪ್ಪು ಕೇಳುವುದು ಹೇಗೆ? ಮೂಗಿನಲ್ಲಿ ಮಾತಾಡಿದರೂ ಗುರುತು ಸಿಕ್ಕೀತೆಂದು ಹೊರಗೆ ಸನ್ನೆಯಲ್ಲೇ ಕಳೆಯುತ್ತಿದ್ದಳು. ಕೆಲವರು ಅವಳನ್ನು ಮೂಕಿ ಎಂದೇ ತಿಳಿದಿದ್ದರು. ಕಿಟಕಿ ಬಾಗಿಲು ಹಾಕಿಕೊಂಡು ನನ್ನೊಬ್ಬಳ ಹತ್ತಿರ ಮಾತಾಡುತ್ತಿದ್ದಳು. ಟೀಚರ್ ಟ್ರೈನಿಂಗಿಗೆಂದು ಬಂದು ನಾನು ಅವಳ ಮನೆಯಲ್ಲೇ ಉಳಿದು ಈ ಊರಿನವಳೇ ಆಗಿದ್ದೆ.

ಆಗೊಂದು ದಿನ ತಾಯಮ್ಮ ಒಂದು ಸಂಗತಿ ಹೇಳಿದಳು. ಕಲ್ಲುಗಣಿಯ ಕಡೆಯ ಬಸ್ಸಿನವರ ಹತ್ತಿರ ಒಬ್ಬ ಮುದುಕಿ ಈಗಲೂ ವಿಚಾರಿಸುತ್ತಾಳಂತೆ, ಸಿನಿಮಾ ಕಂಪನಿಗೆ ಹೋದ ನನ್ನ ಮಗಳು ದುರುಗಿ ಕಂಡಳೇ ಎಂದು. ದೊಡ್ಡಮ್ಮ ಅಂದು ಊಟ ಮಾಡಲಿಲ್ಲ. ಬೆಳಿಗ್ಗೆ ನನ್ನನ್ನು ಎಬ್ಬಿಸಿ, ಹೊರಡು ಎಂದಳು.

ಗಣಿಯ ಪಕ್ಕದ ಹಟ್ಟಿಯಲ್ಲಿ ಎಲ್ಲವೂ ಬೂದು ಬಣ್ಣ, ಬೇವಿನ ಎಲೆ ಕೂಡ. ಚಪ್ಪರದ ಕೆಳಗೆ ಹೆಂಗಸರು ಕಾಲಿಗೆ ಚಿಂದಿ ಸುತ್ತಿಕೊಂಡು ಜಲ್ಲಿ ಒಡೆಯುತ್ತಿದ್ದರು. ದುರುಗಿಯ ತಾಯಿ ಮನೆ ಎಲ್ಲಿ ಎಂದು ನಾನು ಕೇಳಿದೆ. ಅವರಲ್ಲೊಬ್ಬಳು ಕೈ ತೋರಿಸಿ ಉತ್ತರ ಕೊಟ್ಟಳು, ಇನ್ನೊಬ್ಬಳು ಅದನ್ನು ತಿದ್ದಿದಳು. ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡಳು. ಅವಳ ಮುಖ ನೋಡಿ, ಏನಾಯಿತು ಎಂದೆ. ಇವರೆಲ್ಲರದೂ ಅದೇ ದನಿ ಕಣೇ ಎಂದು ಪಿಸುಗುಟ್ಟಿದಳು.

ಮುದುಕಿಯ ಹೆಸರು ಗಾಳೆಮ್ಮ. ಕಣ್ಣು ಪೊರೆ ಬಂದು ಬೆಳ್ಳಗಾಗಿದ್ದವು. ಯಾರವ್ವಾ ಎಂದು ಕೇಳಿದಾಗ ದೊಡ್ಡಮ್ಮ ಎಷ್ಟೋ ವರ್ಷಗಳ ಮೇಲೆ ಪರರ ಮುಂದೆ ಬಾಯಿ ಬಿಟ್ಟು, ಪಟ್ಟಣದಿಂದ ಬಂದಿದ್ದೀವಿ, ನಿಮ್ಮ ಹತ್ತಿರ ಮಾತಾಡಬೇಕಿತ್ತು ಎಂದಳು.

ಮುದುಕಿ ಮುಖವನ್ನು ದನಿಯ ಕಡೆ ತಿರುಗಿಸಿದಳು. "ನೀನು ಆ ಸಿನಿಮಾದೋಳಲ್ವಾ? ಟೆಂಟಿನಾಗೆ ಕೇಳೀನಿ ನಿನ್ ಮಾತ. ನಿನ್ ಮಗ್ಳು ನೋಡು, ನಿನ್ ಮಗ್ಳು ನೋಡು ಅಂತ ಎಲ್ರೂ ಕರ್ಕೊಂಡೋದ್ರು. ಮಖ ನಮ್ ದುರುಗೀದೇ ಕಂಡಂಗಾತು. ಬಾಯ್ ಬಿಟ್ಲು, ಆಮ್ಯಾಕೆ ಅವ್ಳಲ್ಲ ಅಂತ ಎದ್ ಬಂದೆ. ನೀನು ಸತ್ತೋದೆ ಅಂತ ರೇಡಿಯೋದಾಗೆ ಬಂತಂತಲ್ಲ, ಸುಳ್ಳಾ?"

"ಸುಳ್ಳು," ಎಂದಳು ದೊಡ್ಡಮ್ಮ.

"ಒಳ್ಳೇದಾತು ಬಿಡು. ನನ್ ಮಗ್ಳೂ ನಿಮ್ ಕಂಪ್ನೀಲೇ ಇದ್ಲು. ಕಂಡಿದ್ಯಾ ತಾಯಿ?"

ದೊಡ್ಡಮ್ಮ ಮುದುಕಿಯ ಮುಂದೆ ನೆಲದ ಮೇಲೆ ಕೂತಳು. ಎಲ್ಲವನ್ನೂ ಹೇಳಿದಳು, ಬಾಯಿ ಯಾರದು, ಮಾತು ಯಾರದು, ಕೊಳ, ಒಡಕು ದನಿ ಬಂದ ಸಂಜೆ, ತಾನು ಸುಮ್ಮನೆ ಕೂತದ್ದು, ನಕ್ಕದ್ದು, ಆಮೇಲೆ ಮಾಡಿದ್ದು. ಹೇಳಿ ಮುಗಿಯುವಾಗ ಚಪ್ಪರದ ಕಡೆ ಸುತ್ತಿಗೆಗಳ ಸದ್ದು ನಿಂತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತಿದ್ದರು. ಗಾಳೆಮ್ಮ ಅಳಲಿಲ್ಲ. ಮಗಳು ರೇಡಿಯೋದಲ್ಲಿ ಅಂದದ್ದನ್ನು ಇನ್ನೊಂದು ಸಲ ಹೇಳೆಂದಳು. ದೊಡ್ಡಮ್ಮ ಹೇಳಿದಳು. ಮುದುಕಿ ಅದನ್ನು ತನ್ನ ಬಾಯಲ್ಲಿ ಒಂದೊಂದೇ ಮಾತಾಗಿ ಅಂದುಕೊಂಡಳು. ಕೇಳುತ್ತಿದ್ದ ದೊಡ್ಡಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಇಷ್ಟೇನಾ?" ಎಂದಳು ಗಾಳೆಮ್ಮ. "ಅವ್ವಾ ಅಂತ ಅನ್ಲಿಲ್ವಾ?"

ಅಂದಿರಲಿಲ್ಲ. ದೊಡ್ಡಮ್ಮ ನನ್ನ ಕಡೆ ನೋಡಿದಳು, ನೆಲ ನೋಡಿದಳು.

"ಅಂದ್ಲು," ಎಂದಳು. "ಎಲ್ಲಕ್ಕಿಂತ ಮೊದಲು ಅದನ್ನೇ ಅಂದ್ಲು."

ಗಾಳೆಮ್ಮ ತಲೆಯಾಡಿಸಿದಳು. ಕೈ ಚಾಚಿ ದೊಡ್ಡಮ್ಮನ ಮುಖ ಹುಡುಕಿ, ಗಲ್ಲ, ತುಟಿ, ಉಬ್ಬಿದ ಹಲ್ಲುಗಳನ್ನು ಮುಟ್ಟಿ ನೋಡಿದಳು. ಆಮೇಲೆ ಸುತ್ತ ನಿಂತಿದ್ದವರಿಗೆ, ಕೇಳಿದ್ರೇನ್ರೇ, ಅವ್ವಾ ಅಂದ್ಲಂತೆ ಎಂದಳು. ಹೆಂಗಸರು ಹೂಂ ಎಂದರು. ಬಸ್ಸಿಗೆ ಹೊತ್ತಾಗಿದೆಯೆಂದು ನಾನು ಎಬ್ಬಿಸುವವರೆಗೂ ದೊಡ್ಡಮ್ಮ ಆ ಕೈಗೆ ಮುಖ ಕೊಟ್ಟುಕೊಂಡು ಅಲ್ಲೇ ಕೂತಿದ್ದಳು.